ಕಲ್ಲಿನ ಲೆಕ್ಕ ಇದೆ, ಮನೆಗಳದ್ದು ಎಲ್ಲಿ?

ಮಳೆಗಾಲ ಬಂತೆಂದರೆ ಉಳ್ಳಾಲದ ಕಡಲದಂಡೆಗೆ ಎರಡು ಬಗೆಯ ವಾಹನಗಳು ಬರುತ್ತವೆ. ಒಂದು ಜನಪ್ರತಿನಿಧಿಗಳ ಕಾರು, ಇನ್ನೊಂದು ಕಲ್ಲು ತುಂಬಿದ ಟಿಪ್ಪರ್. ಕಾರಿನಿಂದ ಇಳಿದವರು 'ಪ್ರಕೃತಿ ವಿಕೋಪ' ಎನ್ನುತ್ತಾರೆ. ಟಿಪ್ಪರ್ ಕಲ್ಲು ಸುರಿದು ಹೋಗುತ್ತದೆ. ಮುಂದಿನ ಮಳೆಗಾಲಕ್ಕೆ ಕಲ್ಲು ಕಡಲೊಳಗೆ, ಕಾರು ಮತ್ತೆ ದಡದಲ್ಲಿ.

ಸಂಶೋಧನೆಗೆಂದು ಅಲ್ಲಿ ಓಡಾಡುವಾಗ ಅಜ್ಜಿಯೊಬ್ಬರು ಅಲೆ ಒಡೆಯುವ ಜಾಗಕ್ಕೆ ಕೈ ತೋರಿಸಿ, "ಅಲ್ಲಿ ನಮ್ಮ ಬಾವಿ ಇತ್ತು ಮಗಾ" ಎಂದರು. ಪರಿಹಾರ ಕೇಳಲು ಹೋದಾಗ ಕಚೇರಿಯಲ್ಲಿ ಹಕ್ಕುಪತ್ರ ಕೇಳಿದರಂತೆ. ಕಡಲು ಕೇಳದ ಕಾಗದವನ್ನು ನಮ್ಮ ವ್ಯವಸ್ಥೆ ಕೇಳುತ್ತದೆ.

ಇದನ್ನು ಬರೀ ಪ್ರಕೃತಿ ವಿಕೋಪ ಎನ್ನುವುದೇ ಮೊದಲ ಸುಳ್ಳು. 1901ರಿಂದ 1971ರವರೆಗೆ ವರ್ಷಕ್ಕೆ ಸರಾಸರಿ 1.3 ಮಿ.ಮೀ. ಏರುತ್ತಿದ್ದ ಜಗತ್ತಿನ ಸಮುದ್ರಮಟ್ಟ, 2006ರಿಂದ 2018ರ ನಡುವೆ ವರ್ಷಕ್ಕೆ 3.7 ಮಿ.ಮೀ. ಏರಿತು ಎನ್ನುತ್ತದೆ ಐಪಿಸಿಸಿ ವರದಿ. ಇದಕ್ಕೆ ಕಾರಣವಾದ ಕಲ್ಲಿದ್ದಲು, ತೈಲವನ್ನು ಸುಟ್ಟು ಲಾಭ ಮಾಡಿಕೊಂಡವರು ನಾಡದೋಣಿಯ ಮೀನುಗಾರರಲ್ಲ.

ಹಾಗೆಂದು ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ದಡಕ್ಕೆ ಮರಳು ತರುವುದು ನದಿ. ನಾವು ಅದಕ್ಕೆ ಅಣೆಕಟ್ಟು ಕಟ್ಟಿದೆವು, ಉಳಿದ ಮರಳನ್ನು ಲಾರಿಗೆ ತುಂಬಿದೆವು. ದಡದುದ್ದಕ್ಕೂ ಸಾಗಬೇಕಿದ್ದ ಮರಳನ್ನು ಅಳಿವೆಬಾಗಿಲಿನ ಅಲೆತಡೆಗೋಡೆಗಳು ತಡೆದವು. ಒಂದು ಕಡೆ ತಡೆಗೋಡೆ ಕಟ್ಟಿದರೆ ಕಡಲು ಪಕ್ಕದ ದಡವನ್ನು ಕೊರೆಯುತ್ತದೆ. ಆಮೇಲೆ ಅಲ್ಲಿಗೂ ಕಲ್ಲು, ಅದಕ್ಕಾಗಿ ಇನ್ನೊಂದು ಊರಿನ ಗುಡ್ಡ.

15ನೇ ಹಣಕಾಸು ಆಯೋಗ ನದಿ ಮತ್ತು ಕಡಲ ಕೊರೆತಕ್ಕೆಂದು 2021–26ರ ಅವಧಿಗೆ ಇಡೀ ದೇಶಕ್ಕೆ ಶಿಫಾರಸು ಮಾಡಿದ್ದು ಹೀಗೆ: ಕೊರೆತ ತಡೆಯಲು 1,500 ಕೋಟಿ, ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ. ನೆಲೆ ಕಳೆದುಕೊಂಡವರು ಲೆಕ್ಕಕ್ಕೆ ಬಂದರಲ್ಲ ಎಂದು ಸಮಾಧಾನಪಡಬಹುದು. ಆದರೆ ಇಲ್ಲಿಯೂ ದೊಡ್ಡ ಪಾಲು ತಡೆಯುವ ಕಾಮಗಾರಿಗೇ.

ಇನ್ನೊಂದು ಕಡೆ, 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಜನದಟ್ಟಣೆಯ ಗ್ರಾಮೀಣ ಕರಾವಳಿಯಲ್ಲಿ ನಿರ್ಮಾಣ ನಿಷೇಧದ ವ್ಯಾಪ್ತಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಕಡಲು ನಮ್ಮತ್ತ ಬರುತ್ತಿರುವಾಗ ಕಾನೂನು ಕಡಲಿನತ್ತ ಹೆಜ್ಜೆ ಹಾಕಿತು! ಊರಿನವರ ಅಭಿವೃದ್ಧಿಗೆ ಎನ್ನುತ್ತಾರೆ. ಹಕ್ಕುಪತ್ರವೇ ಇಲ್ಲದವರು ಎಲ್ಲಿ ಏನನ್ನು ಕಟ್ಟುತ್ತಾರೆ? ಕಟ್ಟುವುದು ರೆಸಾರ್ಟಿನವರು.

"ಅಷ್ಟು ಅಪಾಯವಿದ್ದರೆ ಎದ್ದು ಬೇರೆ ಕಡೆ ಹೋಗಬಾರದೇ?" ಎಂದು ನಗರದ ಗೆಳೆಯರು ಕೇಳುತ್ತಾರೆ. ಹೋಗಲಿ, ಆದರೆ ಎಲ್ಲಿಗೆ? ಕಡಲೇ ಕಾಣದ ಕಡೆ ಮನೆ ಕೊಟ್ಟರೆ ದೋಣಿ ಎಳೆದಿಡುವುದೆಲ್ಲಿ, ಬಲೆ ಒಣಗಿಸುವುದೆಲ್ಲಿ?

ಬದುಕಿದ ನೆಲಕ್ಕೆ ಹಕ್ಕುಪತ್ರ ಕೊಡಿ. ಹೋಗಲೇಬೇಕಾದವರಿಗೆ ಕಡಲಿನ ಸಮೀಪವೇ, ಅವರನ್ನು ಕೇಳಿ, ಜಾಗ ಕೊಡಿ. ಕಲ್ಲಿನ ಟೆಂಡರು ಆಮೇಲಿನ ಮಾತು.

ಈ ಮಳೆಗಾಲ ಕಾರಿನಿಂದ ಇಳಿಯುವವರಿಗೆ ಒಂದೇ ಪ್ರಶ್ನೆ. ಎಷ್ಟು ಲೋಡು ಕಲ್ಲು ಸುರಿದಿರಿ ಎಂಬ ಲೆಕ್ಕ ನಿಮ್ಮಲ್ಲಿದೆ. ಎಷ್ಟು ಮನೆ, ಎಷ್ಟು ಬಾವಿ ಹೋದವು ಎಂಬ ಲೆಕ್ಕ ಯಾರಲ್ಲಿದೆ?