ಗೋಲ್ಡ್‌ಫಿಶ್‌ಗೆ ಕ್ಲೀನರ್ ಬೇಡ, ಜೊತೆ ಬೇಕು

ನಮ್ಮ ಹಾಸ್ಟೆಲ್‌ನಲ್ಲಿ ಫಿಶ್ ಟ್ಯಾಂಕ್ ಇರುವ ರೂಮುಗಳನ್ನು ಲೆಕ್ಕ ಹಾಕಿದರೆ ಎರಡು ಕೈ ಬೆರಳು ಸಾಲದು. ಹೆಚ್ಚಿನವುಗಳಲ್ಲಿ ಗೋಲ್ಡ್‌ಫಿಶ್. ಪಕ್ಕದಲ್ಲಿ ಗಾಜಿಗೆ ಬಾಯಿ ಅಂಟಿಸಿಕೊಂಡ ಒಂದು ಕಪ್ಪು ಮೀನು. ಯಾಕೆ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಅದು ಟ್ಯಾಂಕ್ ಕ್ಲೀನ್ ಮಾಡುತ್ತೆ ಮಗಾ." ಹೋದ ವರ್ಷ ನಾವು ನಾಲ್ಕು ಜನವೂ ಇದನ್ನೇ ಹೇಳ್ತಿದ್ವಿ. ಇವತ್ತು ಹೇಳಲ್ಲ. ಯಾಕೆ ಅಂತ ಹೇಳೋದಕ್ಕೇ ಈ ಬರಹ.

ನಮ್ಮ ಹತ್ತಿರ ಇದ್ದದ್ದು 40 ಲೀಟರ್ ಟ್ಯಾಂಕು, ಎರಡು ಒರಾಂಡಾ. ಗಾಜಿಗೆ ಪಾಚಿ ಹಿಡೀತು. ಅಂಗಡಿಯವರು ಸಕ್ಕರ್ ಫಿಶ್ ಕೊಟ್ಟರು. ಮೂರು ವಾರ ಎಲ್ಲ ಸರಿ ಇತ್ತು. ಇಂಟರ್ನಲ್ಸ್ ಹಿಂದಿನ ರಾತ್ರಿ ಎರಡು ಗಂಟೆಗೆ ಲೈಟ್ ಹಾಕಿದಾಗ ನೋಡಿದ್ದು, ಸಕ್ಕರ್ ಅಂಟಿಕೊಂಡಿದ್ದು ಗಾಜಿಗಲ್ಲ, ಒರಾಂಡಾದ ಪಕ್ಕೆಗೆ. ಮೀನಿನ ಮೈಮೇಲಿನ ಲೋಳೆ ಅದಕ್ಕೆ ಪಾಚಿಗಿಂತ ರುಚಿ. ಆ ಲೋಳೆಯೇ ಮೀನಿಗೆ ರೋಗದಿಂದ ರಕ್ಷಣೆ. ಅದು ಹೋದ ಜಾಗದಲ್ಲಿ ಬಿಳಿ ಗಾಯ ಆಯ್ತು. ಆ ಒರಾಂಡಾ ವಾರದೊಳಗೆ ಹೋಯ್ತು.

ತಪ್ಪು ಸಕ್ಕರ್‌ದಲ್ಲ, ನಮ್ಮದು. ನಾವು ಮೀನಿಗೆ ಜೊತೆ ಹುಡುಕಲಿಲ್ಲ, ನಮ್ಮ ಸೋಮಾರಿತನಕ್ಕೆ ಕೂಲಿ ಆಳು ಹುಡುಕಿದ್ವಿ. ಯಾವ ಜೀವಿಯೂ ಟ್ಯಾಂಕ್ ಕ್ಲೀನ್ ಮಾಡಲ್ಲ. ತಿಂದದ್ದನ್ನು ಅದೂ ಹೊರಗೆ ಹಾಕಲೇಬೇಕು. ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ, ಸದಾ ತಿನ್ನುತ್ತಾ ಸದಾ ಕೊಳೆ ಮಾಡುತ್ತೆ. ಅದರಿಂದ ಬರುವ ಅಮೋನಿಯಾವನ್ನು ಫಿಲ್ಟರ್‌ನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಹೊರಗೆ ಹೋಗೋದು ಮುಖ್ಯವಾಗಿ ನೀವು ಬಕೆಟ್ ಎತ್ತಿ ನೀರು ಬದಲಿಸಿದಾಗ. ಸಿಸ್ಟಮ್‌ಗೆ ಇನ್ನೊಂದು ಲೋಡ್ ಸೇರಿಸಿ ಲೋಡ್ ಕಡಿಮೆ ಆಯ್ತು ಅಂದರೆ ಯಾವ ಲೆಕ್ಚರರ್ ಒಪ್ಪುತ್ತಾರೆ?

ಹಾಗಾದರೆ ಯಾರನ್ನು ಬಿಡಬೇಕು? ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಇಬ್ಬರಿಗೂ ಒಂದೇ ನೀರು ಆಗುತ್ತಾ? ಗೋಲ್ಡ್‌ಫಿಶ್ ತಣ್ಣೀರಿನ ಮೀನು, ಸುಮಾರು 18ರಿಂದ 24 ಡಿಗ್ರಿ ಅದಕ್ಕೆ ಹಿತ. ಬೆಟ್ಟಾ, ಏಂಜಲ್‌ಗಳಿಗೆ ಇನ್ನೂ ಬೆಚ್ಚಗಿರಬೇಕು. ಎರಡು, ಅದು ಗೋಲ್ಡ್‌ಫಿಶ್ ಬಾಯಿಗೆ ಹಿಡಿಸುತ್ತಾ? ಹಿಡಿಸಿದರೆ ಅದು ಜೊತೆಯಲ್ಲ, ಊಟ. ಗಪ್ಪಿ, ಸಣ್ಣ ಟೆಟ್ರಾ ಬಿಟ್ಟವರಿಗೆ ಇದು ಗೊತ್ತು. ಮೂರು, ಅದು ರೆಕ್ಕೆ ಕಚ್ಚುತ್ತಾ? ಟೈಗರ್ ಬಾರ್ಬ್ ಕಚ್ಚುತ್ತೆ.

ಮೂರೂ ದಾಟಿ ಬರುವ ಮೊದಲ ಹೆಸರು ಇನ್ನೊಂದು ಗೋಲ್ಡ್‌ಫಿಶ್. ಅದೂ ಅದೇ ಮೈಕಟ್ಟಿನದು. ಉದ್ದ ಮೈಯ ಕಾಮೆಟ್ ಜೊತೆ ಗುಂಡು ಮೈಯ ಒರಾಂಡಾ ಹಾಕಿದರೆ ಊಟವೆಲ್ಲ ಕಾಮೆಟ್‌ಗೇ. ಇಂಥ ಎರಡು ಗುಂಡು ಮೀನಿಗೆ 75 ಲೀಟರ್‌ಗಿಂತ ಕಡಿಮೆ ಬೇಡ. ನಮ್ಮ 40 ಲೀಟರ್ ಮೊದಲೇ ತಪ್ಪು ಡಿಸೈನ್.

ಬಸವನಹುಳ? ಬಿಡಬಹುದು, ಆದರೆ ನೋಡಿಕೊಂಡು. ರ‍್ಯಾಮ್ಸ್‌ಹಾರ್ನ್‌ನಂಥ ಸಣ್ಣವನ್ನು ಗೋಲ್ಡ್‌ಫಿಶ್ ತಿಂದುಹಾಕುತ್ತೆ. ದೊಡ್ಡ ಮಿಸ್ಟರಿ ಸ್ನೇಲ್‌ನ ಮೀಸೆ ಕಚ್ಚಿ ಕಚ್ಚಿ ಅದು ಹೊರಗೇ ಬರದ ಹಾಗೆ ಮಾಡುತ್ತೆ. ಗಟ್ಟಿ ಚಿಪ್ಪಿನ ನೆರೈಟ್ ವಾಸಿ. ಅದರ ಮರಿಗಳು ಬದುಕೋಕೆ ಉಪ್ಪುನೀರು ಸೇರಬೇಕು, ಹಾಗಾಗಿ ಟ್ಯಾಂಕ್ ತುಂಬ ಮರಿ ಆಗಲ್ಲ. ಇನ್ನೊಂದು ಮಾತು. ಮೀನಿಗೆ ಹಾಕುವ ಕೆಲವು ಔಷಧಿಗಳಲ್ಲಿ ತಾಮ್ರ ಇರುತ್ತೆ. ತೋಟಕ್ಕೆ ಬೋರ್ಡೋ ಹೊಡೆಯುವ ಮನೆಯವರಿಗೆ ಮೈಲುತುತ್ತು ಗೊತ್ತಲ್ಲ, ಅದರಲ್ಲಿರೋದೂ ಅದೇ ತಾಮ್ರ. ಮೀನು ತಡೆದುಕೊಳ್ಳುವಷ್ಟು ತಾಮ್ರವೇ ಬಸವನಹುಳಕ್ಕೆ ಸಾವು. ಗದ್ದೆಯಿಂದ ಹುಳ ಹೆಕ್ಕಿ ತರೋದೂ ಬೇಡ, ಅವುಗಳ ಜೊತೆ ಪರಾವಲಂಬಿ ಹುಳುಗಳೂ ಬರಬಹುದು.

ಈಗ ನಿಜವಾದ ವಿಷಯಕ್ಕೆ ಬರೋಣ. ಸರಿಯಾಗದ ಜೊತೆಯನ್ನು ಏನು ಮಾಡ್ತೀವಿ? ನಮ್ಮಲ್ಲೊಬ್ಬನ ಊರು ತಿತಿಮತಿ. ಸೆಮಿಸ್ಟರ್ ರಜಕ್ಕೆ ಆತ ಸಕ್ಕರ್ ಅನ್ನು ಮುಚ್ಚಳದ ಬಕೆಟ್‌ನಲ್ಲಿಟ್ಟು, ಹುಣಸೂರು, ಆನೆಚೌಕೂರು ದಾಟಿ ಬಸ್ಸಲ್ಲಿ ಊರಿಗೆ ಒಯ್ದ. ತೋಟದ ಕೆರೆಗೆ ಬಿಡೋದು ಅಂತ ಪ್ಲಾನು. ನಾವೆಲ್ಲ "ಪುಣ್ಯದ ಕೆಲಸ" ಅಂದಿದ್ವಿ. ಅವನ ಚಿಕ್ಕಪ್ಪ ಬಕೆಟ್ ನೋಡಿ ಒಂದೇ ಪ್ರಶ್ನೆ ಕೇಳಿದರಂತೆ: "ಮಳೆಗಾಲದಲ್ಲಿ ಈ ಕೆರೆ ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗುತ್ತೆ ಹೇಳು?"

ಗದ್ದೆಗೆ, ಗದ್ದೆಯಿಂದ ತೋಡಿಗೆ, ತೋಡಿನಿಂದ ಹೊಳೆಗೆ, ಕೊನೆಗೆ ಕಾವೇರಿಗೆ. ಕಾವೇರಿಯ ಡುಬ್ಬದ ಮಹಶೀರ್ ಬೇರೆ ಯಾವ ನದಿ ಕೊಳ್ಳದಲ್ಲೂ ಇಲ್ಲ. 2018ರಲ್ಲಿ ಅದು ಐಯುಸಿಎನ್‌ನ ತೀವ್ರ ಅಪಾಯದ ಪಟ್ಟಿ ಸೇರಿತು. ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ಕೂಡ ಅದರ ಅವನತಿಗೆ ಒಂದು ಕಾರಣ ಅಂತಾರೆ ಸಂಶೋಧಕರು. ಸಕ್ಕರ್ ಆಗಲೇ ದೇಶದ ಹಲವು ಕೆರೆ, ನದಿಗಳಲ್ಲಿ ಬಲೆಗೆ ಬೀಳ್ತಿದೆ. ಗೋಲ್ಡ್‌ಫಿಶ್ ಕೂಡ ಸಾಧು ಅಲ್ಲ. 2021ರಲ್ಲಿ ಅಮೆರಿಕದ ಬರ್ನ್ಸ್‌ವಿಲ್ ಊರಿನ ಕೆರೆಯಲ್ಲಿ ಫುಟ್‌ಬಾಲ್ ಗಾತ್ರದ ಗೋಲ್ಡ್‌ಫಿಶ್ ಸಿಕ್ಕು, "ದಯವಿಟ್ಟು ಕೆರೆಗೆ ಬಿಡಬೇಡಿ" ಅಂತ ನಗರಾಡಳಿತವೇ ಜನರನ್ನು ಕೇಳಿಕೊಂಡಿತು.

ಬಸವನಹುಳದ ಕಥೆ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1847ರಲ್ಲಿ ಬೆನ್ಸನ್ ಎಂಬಾತ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದ ಆಫ್ರಿಕನ್ ಬಸವನಹುಳ ಅಲ್ಲಿನ ತೋಟವೊಂದಕ್ಕೆ ಬಿಡುಗಡೆಯಾಯ್ತು. ಅದೇ ಜಾತಿ ಇವತ್ತು ಶನಿವಾರಸಂತೆ ಕಡೆಯ ಕಾಫಿ ಬೆಳೆಗಾರರ ನಿದ್ದೆ ಕೆಡಿಸಿದೆ. ಅದು ನೆಲದ ಹುಳ. ನೀರಿನದೂ ಒಂದಿದೆ: ಗೋಲ್ಡನ್ ಆಪಲ್ ಸ್ನೇಲ್. ತಿನ್ನೋಕೆ ಅಂತ ಸಾಕಲು ತೈವಾನ್‌ಗೆ ತಂದಿದ್ದು, ತಪ್ಪಿಸಿಕೊಂಡು ಏಷ್ಯಾದ ಭತ್ತದ ಗದ್ದೆಗಳನ್ನು ಮೇಯ್ದುಬಿಟ್ಟಿತು. ನಮ್ಮ ಅಂಗಡಿಗಳ ಮಿಸ್ಟರಿ ಸ್ನೇಲ್ ಅದರ ದಾಯಾದಿ. ನೋಡಿ ಇದು ಯಾವುದು ಅಂತ ಹೇಳೋದು ನಮ್ಮ ನಿಮ್ಮಂಥವರ ಕೈಲಿ ಆಗಲ್ಲ.

ಗೆಳೆಯ ಬಕೆಟ್ ವಾಪಸ್ ತಂದ. ದೊಡ್ಡ ಟ್ಯಾಂಕ್ ಇದ್ದ ಸೀನಿಯರ್ ಒಬ್ಬರು ಸಕ್ಕರ್ ಇಟ್ಟುಕೊಂಡರು. ನಿಮಗೂ ಅದೇ ದಾರಿ: ಅಂಗಡಿಗೆ ವಾಪಸ್ ಕೊಡಿ, ಇಲ್ಲ ಇನ್ನೊಬ್ಬರಿಗೆ ಕೊಡಿ. ಟ್ಯಾಂಕ್ ತೊಳೆದ ನೀರನ್ನೂ ಚರಂಡಿ, ಹಳ್ಳಕ್ಕೆ ಸುರೀಬೇಡಿ, ಅದರಲ್ಲಿ ಮರಿ ಹುಳ ಇರಬಹುದು. ಒಣ ಮಣ್ಣಿಗೆ ಹಾಕಿ.

ಒಂದು ಗೋಲ್ಡ್‌ಫಿಶ್ ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ದಾಟಿ ಬದುಕುತ್ತೆ. ನಮ್ಮ ಡಿಗ್ರಿ ನಾಲ್ಕು ವರ್ಷ. ಕೊಳ್ಳೋ ಮುಂಚೆ ಈ ಲೆಕ್ಕ ಒಮ್ಮೆ ಹಾಕಿ. ಉಳಿದಿರೋ ನಮ್ಮ ಒರಾಂಡಾಗೆ ಈಗ 80 ಲೀಟರ್ ಟ್ಯಾಂಕ್, ಜೊತೆಗೆ ಇನ್ನೊಂದು ಒರಾಂಡಾ, ಎರಡು ನೆರೈಟ್. ಕ್ಲೀನರ್ ಕೆಲಸ ಪ್ರತಿ ಭಾನುವಾರ ನಮ್ಮದೇ, ಸರದಿ ಪ್ರಕಾರ. ನಾವು ಪಾಸ್ ಆಗಿ ಹೋಗುವಾಗ ಇವನ್ನು ನೋಡಿಕೊಳ್ಳೋ ಜೂನಿಯರ್ಸ್ ಬೇಕು. ಆಸಕ್ತಿ ಇದ್ದವರು ಈಗಲೇ ರೂಮಿಗೆ ಬನ್ನಿ, ಬಕೆಟ್ ಎತ್ತೋದು ಹೇಳಿಕೊಡ್ತೀವಿ.