ಹಿಂಬದಿ ಬೇರೆ ಕಂಡರೆ ಕಸೂತಿ ನಕಲಿಯೇ? ಮಷಿನ್ ಹಾಕುವ ಕ್ರಾಸ್ ಸ್ಟಿಚ್‌ನ ಒಳಲೆಕ್ಕ

ಸೀರೆಯ ಸೆರಗನ್ನು ತಿರುವಿ ಹಿಂಬದಿ ತೋರಿಸುವ ಒಂದು ವಿಡಿಯೋ ನಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂತು. ಜೊತೆಗಿದ್ದ ಬರಹದ ಸಾರಾಂಶ ಇಷ್ಟು: ಎರಡೂ ಬದಿ ಒಂದೇ ಥರ ಕಂಡರೆ ಅಸಲಿ ಕೈಕಸೂತಿ, ಹಿಂಬದಿ ಬೇರೆ ಇದ್ದರೆ ಕಂಪ್ಯೂಟರ್ ಕೆಲಸ. ಕ್ರಾಸ್ ಸ್ಟಿಚ್ ಕಂಡರಂತೂ ಅದು ಕಸೂತಿಯೇ ಅಲ್ಲ. ಈಗ ಫೋಟೋ ಹಾಕಿದರೆ ಸಾಫ್ಟ್‌ವೇರ್ ಎರಡೇ ನಿಮಿಷದಲ್ಲಿ ಎಲ್ಲ ಹೊಲಿದುಕೊಡುತ್ತದೆ, ಮೋಸ ಹೋಗಬೇಡಿ, ಎಲ್ಲರಿಗೂ ಕಳಿಸಿ.

ಅದನ್ನು ನೋಡಿದ ನಮ್ಮ ಅತ್ತೆ ಧಾರವಾಡದಿಂದ ಫೋನ್ ಮಾಡಿದರು. ಪರಿಚಯದ ಹೆಣ್ಣುಮಗಳೊಬ್ಬಳ ಹತ್ತಿರ ಸೆರಗಿಗೆ ಕಸೂತಿ ಹಾಕಿಸಿದ್ದರು, ಅರ್ಧ ದುಡ್ಡು ಕೊಡುವುದು ಬಾಕಿ ಇತ್ತು. "ತಿರುವಿ ನೋಡೀನಿ, ಹಿಂದ ಬ್ಯಾರೇನ ಐತಿ. ನಂದು ಡುಪ್ಲಿಕೇಟ್ ಐತೇನ? ಬಾಕಿ ರೊಕ್ಕ ಕೊಡಲ್ಯೊ ಬ್ಯಾಡೊ?" ತಿಂಗಳುಗಟ್ಟಲೆ ಕಣ್ಣು ಸವೆಸಿದವಳ ಕೂಲಿ ಒಂದು ಫಾರ್ವರ್ಡ್ ಮೇಲೆ ನಿಂತಿತ್ತು. ಹಾಗಾಗಿ ಆ ಸಂದೇಶ ಎಷ್ಟು ನಿಜ ಎಂದು ಬಿಡಿಸಿ ನೋಡೋಣ.

ಕಸೂತಿಯಲ್ಲಿ ಕ್ರಾಸ್ ಸ್ಟಿಚ್ ಇಲ್ಲವೇ?

ಇದೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಮುಖ್ಯವಾಗಿ ನಾಲ್ಕು ಹೊಲಿಗೆಗಳು: ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದರಂತೆ ಮುಂದೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಜಾಗ ತುಂಬುತ್ತದೆ. ಮುರಗಿ ಮೆಟ್ಟಿಲಿನಂತೆ ಏರಿಳಿಯುವುದು. ಈ ಎರಡರಲ್ಲಿ ಮುಂಬದಿ, ಹಿಂಬದಿ ಒಂದೇ ಥರ ಕಾಣುವುದು ನಿಜ. ಫಾರ್ವರ್ಡ್ ಬರೆದವರು ಇಷ್ಟನ್ನು ಕೇಳಿಸಿಕೊಂಡು ನಿಲ್ಲಿಸಿದ್ದಾರೆ.

ನೇಗಿ ಎಂದರೆ ನೇಯ್ದಂತೆ ಕಾಣುವ ಹೊಲಿಗೆ. ಮುಂದೆ ದಾರ ಇದ್ದಲ್ಲಿ ಹಿಂದೆ ಖಾಲಿ, ಮುಂದೆ ಖಾಲಿ ಇದ್ದಲ್ಲಿ ಹಿಂದೆ ದಾರ. ಮೆಂತಿ ಎಂದರೆ ಸಾಕ್ಷಾತ್ ಕ್ರಾಸ್ ಸ್ಟಿಚ್. ಮೆಂತ್ಯದ ಕಾಳಿನಂತೆ ಕಾಣುತ್ತದೆಂದು ಆ ಹೆಸರು. ಸಾಲಾಗಿ ಹೊಲಿಯುವಾಗ ಮೊದಲು ಒಂದೇ ದಿಕ್ಕಿನ ಓರೆಗಳನ್ನು ಹಾಕಿಕೊಂಡು ಹೋಗಿ, ಬರುವಾಗ ಅವುಗಳ ಮೇಲೆ ಇನ್ನೊಂದು ಓರೆ ಹಾಕುತ್ತಾರೆ. ಹಾಗೆ ಮಾಡಿದಾಗ ಹಿಂಬದಿಯಲ್ಲಿ × ಕಾಣುವುದಿಲ್ಲ, ನೆಟ್ಟಗಿನ ಸಣ್ಣ ಗೆರೆಗಳು ಕಾಣುತ್ತವೆ. ಅಂದರೆ ಅಪ್ಪಟ ಕೈಕೆಲಸದ ಮೆಂತಿ, ಈ ವಿಡಿಯೋದ ಪರೀಕ್ಷೆಯಲ್ಲಿ ಫೇಲ್ ಆಗುತ್ತದೆ!

ಇನ್ನೊಂದು ಕಡೆಯಿಂದ ನೋಡಿ. ಎಂಬ್ರಾಯ್ಡರಿ ಮಷಿನ್ ಕೂಡ ನಮ್ಮ ಮನೆಯ ಹೊಲಿಗೆ ಮಷಿನ್‌ನಂತೆ ಎರಡು ದಾರದ್ದು. ಸೂಜಿಯ ದಾರ ಮೇಲೆ, ಬಾಬಿನ್ ದಾರ ಕೆಳಗೆ. ಎರಡೂ ಬಟ್ಟೆಯ ತೂತಿನಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ, ಮೇಲಿನದು ಮೇಲೇ ಉಳಿಯುತ್ತದೆ. ಸಾಮಾನ್ಯವಾಗಿ ಬಾಬಿನ್‌ನಲ್ಲಿ ಬಿಳಿ ದಾರ ಇರುವುದರಿಂದ ಹಿಂಬದಿ ಬೇರೆ ಕಾಣುತ್ತದೆ. ಆದರೆ ಬಾಬಿನ್‌ಗೂ ಅದೇ ಬಣ್ಣದ ದಾರ ಹಾಕಿದರೆ? ಸಾದಾ ಗೆರೆ ಎರಡೂ ಬದಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಮೋಸ ಮಾಡಬೇಕೆಂದು ಹೊರಟವನಿಗೆ ಇದು ದೊಡ್ಡ ಕಷ್ಟವಲ್ಲ. ಅಲ್ಲಿಗೆ ಈ ಪರೀಕ್ಷೆ ಎರಡೂ ಕಡೆ ತಪ್ಪುತ್ತದೆ: ನಕಲಿಯನ್ನು ಪಾಸು ಮಾಡಬಹುದು, ಅಸಲಿಯನ್ನು ನಪಾಸು ಮಾಡಬಹುದು.

ಸಾಫ್ಟ್‌ವೇರ್ ಒಳಗೆ ನಡೆಯುವುದೇನು?

ಹಣ ಕೊಟ್ಟು ಕೊಳ್ಳುವ ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಕ್ರಾಸ್ ಸ್ಟಿಚ್ ತುಂಬುವ ಸೌಲಭ್ಯ ಹಿಂದಿನಿಂದಲೂ ಇದೆ. ಉಚಿತವಾಗಿ ಸಿಗುವ ಇಂಕ್‌ಸ್ಟಿಚ್‌ನ ಈಚಿನ ಆವೃತ್ತಿಗಳಲ್ಲೂ ಇದೆ. ಆಕಾರ ಬಿಡಿಸಿ, ತುಂಬುವ ಬಗೆ ಆರಿಸಿದರೆ ಪರದೆ ತುಂಬ × ಗುರುತುಗಳು ಬರುತ್ತವೆ. 'ಎರಡೇ ನಿಮಿಷ' ಎಂಬ ಮಾತು ಹುಟ್ಟಿದ್ದು ಬಹುಶಃ ಈ ಪರದೆ ನೋಡಿಯೇ ಇರಬೇಕು.

ಮೊದಲು ಸಾಫ್ಟ್‌ವೇರ್ ನಿಮ್ಮ ಆಕಾರದ ಮೇಲೆ ಚೌಕಗಳ ಜಾಲರಿ ಹಾಸುತ್ತದೆ. ಯಾವ ಚೌಕದೊಳಗೆ ಆಕಾರ ಸಾಕಷ್ಟು ತುಂಬಿದೆಯೋ ಅಲ್ಲಿ ×, ಉಳಿದದ್ದು ಖಾಲಿ. ದುಂಡಗಿನ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ, ಚೌಕಕ್ಕಿಂತ ತೆಳುವಾದ ಗೆರೆ ತುಂಡಾಗುತ್ತದೆ ಅಥವಾ ಮಾಯವಾಗುತ್ತದೆ. ಎರಡು ಬಣ್ಣಗಳು ಪಕ್ಕಪಕ್ಕ ಇದ್ದರೆ ಎರಡಕ್ಕೂ ಜಾಲರಿ ಒಂದೇ ಬಿಂದುವಿನಿಂದ ಶುರುವಾಗಬೇಕು. ಇಲ್ಲದಿದ್ದರೆ ನಡುವೆ ಅರ್ಧ ಚೌಕದ ಬಿರುಕು ಬೀಳುತ್ತದೆ, ಇಲ್ಲವೇ ಒಂದರ ಮೇಲೊಂದು ಹತ್ತಿ ಕೂರುತ್ತದೆ. ಫೋಟೋ ಹಾಕಿದರಂತೂ ನೂರಾರು ಛಾಯೆಗಳು ಬಂದು ಅಲ್ಲೊಂದು ಇಲ್ಲೊಂದು ಒಂಟಿ × ಚೆಲ್ಲಾಡುತ್ತವೆ. ಒಂದೇ ಸೂಜಿಯ ಮಷಿನ್ ಆದರೆ ಪ್ರತಿ ಬಣ್ಣಕ್ಕೂ ನಿಲ್ಲಿಸಿ ದಾರ ಬದಲಿಸಬೇಕು.

ನನಗೆ ನಿಜಕ್ಕೂ ಕುತೂಹಲ ಹುಟ್ಟಿಸಿದ್ದು ಇದರ ಮುಂದಿನ ತೊಡಕು.

ಗಣಿತದ ನೋಟ್‌ಬುಕ್ಕಿನ ಚೌಕುಳಿ ಹಾಳೆ ತೆಗೆದುಕೊಳ್ಳಿ. ಪೆನ್ನು ಎತ್ತಬಾರದು, ಚೌಕದ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಮಾತ್ರ ಹೋಗಬೇಕು, ತಿರುಗುವುದಿದ್ದರೆ ಮೂಲೆಯಲ್ಲೇ ತಿರುಗಬೇಕು. ಅಕ್ಕಪಕ್ಕದ ಚೌಕಗಳನ್ನೆಲ್ಲ ಬಳಸಿಕೊಳ್ಳಬಹುದು. ಈಗ ಯಾವುದಾದರೂ ಒಂದು ಚೌಕದಲ್ಲಿ × ಪೂರ್ತಿ ಮಾಡಿ. ಎಷ್ಟು ಸುತ್ತಿದರೂ ಆಗುವುದಿಲ್ಲ. ಚದುರಂಗದ ಒಂಟೆ ನೆನಪಿಸಿಕೊಳ್ಳಿ. ಓರೆಯಾಗಿಯೇ ನಡೆಯುವ ಕಾರಣ ಬಿಳಿ ಮನೆಯ ಒಂಟೆ ಆಟ ಮುಗಿಯುವವರೆಗೂ ಕಪ್ಪು ಮನೆಗೆ ಕಾಲಿಡುವುದಿಲ್ಲ. ಚೌಕಗಳ ಮೂಲೆಗಳೂ ಹೀಗೆಯೇ ಎರಡು ಪಂಗಡ. ಒಂದು × ನ ಒಂದು ಕಾಲು ಒಂದು ಪಂಗಡದ್ದು, ಇನ್ನೊಂದು ಕಾಲು ಮತ್ತೊಂದು ಪಂಗಡದ್ದು.

ಕೈಯಲ್ಲಿ ಹೊಲಿಯುವವರಿಗೆ ಇದು ಸಮಸ್ಯೆಯೇ ಅಲ್ಲ. ಒಂದು ಕಾಲು ಮುಗಿದ ಮೇಲೆ ಸೂಜಿ ಬಟ್ಟೆಯ ಕೆಳಗೆ ಇಳಿದು, ಯಾರಿಗೂ ಕಾಣದಂತೆ ಇನ್ನೊಂದು ಪಂಗಡದ ಮೂಲೆಗೆ ಹೋಗಿ ಮೇಲೆ ಬರುತ್ತದೆ. ಹಿಂಬದಿಯಲ್ಲಿ ಕಾಣುವ ನೆಟ್ಟಗಿನ ಗೆರೆಗಳು ಆ ಗುಪ್ತ ನಡಿಗೆಯ ಗುರುತು. ಮಷಿನ್‌ಗೆ ಈ ದಾರಿ ಮುಚ್ಚಿದೆ. ಅದು ಎಲ್ಲಿಂದ ಎಲ್ಲಿಗೆ ಹೋದರೂ ಮೇಲಿನ ದಾರ ಮೇಲ್ಮೈಯಲ್ಲೇ ಗೆರೆ ಎಳೆಯುತ್ತದೆ.

ಹಾಗಾದರೆ ಉಪಾಯ? ಚೌಕದ ಅಂಚಿನುದ್ದಕ್ಕೆ ಒಂದು ಹೆಜ್ಜೆ ಇಡಬಹುದು, ಆದರೆ ಅದು ಸಣ್ಣ ಗೀರಾಗಿ ಕಾಣುತ್ತದೆ. × ನ ನಟ್ಟನಡುವೆ ಸೂಜಿ ಚುಚ್ಚಿ ಅಲ್ಲಿಂದ ತಿರುಗಿಸಬಹುದು, ಆದರೆ ಕಾಲು ಎರಡು ತುಂಡಾದಂತೆ ಕಾಣುತ್ತದೆ. ದಾರ ಕತ್ತರಿಸಿ ಹೊಸದಾಗಿ ಶುರು ಮಾಡಬಹುದು, ಆದರೆ ಸಾವಿರಾರು × ಇರುವಾಗ ಪದೇ ಪದೇ ಕತ್ತರಿಸಿದರೆ ಹಿಂಬದಿಯೆಲ್ಲ ಗಂಟು, ಜೊಂಡು. ಇದರ ಜೊತೆಗೆ ಎಲ್ಲ × ಗಳಲ್ಲೂ ಒಂದೇ ದಿಕ್ಕಿನ ಕಾಲು ಮೇಲಿರಬೇಕು. ಇಲ್ಲವಾದರೆ ಬೆಳಕು ಬಿದ್ದಾಗ ಹೊಳಪು ಪಟ್ಟೆಪಟ್ಟೆಯಾಗುತ್ತದೆ. ಈ ಮೂರು ನಾಲ್ಕು ಕೆಡಕುಗಳಲ್ಲಿ ಎಷ್ಟೆಷ್ಟು ಸಹಿಸಬೇಕು ಎಂದು ತೂಗುವುದೇ ಒಳ್ಳೆಯ ಪಂಚಿಂಗ್ ಮಾಡುವವರ ಕಸುಬು. ಗುಂಡಿ ಒತ್ತಿದರೆ ಮುಗಿಯುವ ಕೆಲಸ ಅಲ್ಲ ಎಂದು ನಾನು ಹೇಳುವುದು ಅದಕ್ಕೇ.

ಪ್ರತಿ ಗೆರೆಯ ಮೇಲೂ ಹೋಗಿ ಬರುವ ಉಪಾಯವೂ ಬಳಕೆಯಲ್ಲಿದೆ. ಇದರ ಹಿಂದೆ ಹಳೆಯ ಗಣಿತವಿದೆ. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಸುತ್ತಿ ಬರಲು ಸಾಧ್ಯವಿಲ್ಲ ಎಂದು ಆಯ್ಲರ್ 1736ರಲ್ಲಿ ತೋರಿಸಿದ. ಅದೇ ಸೇತುವೆಗಳನ್ನು ಎರಡೆರಡು ಸಲ ದಾಟಬಹುದು ಎಂದರೆ ತೊಂದರೆಯೇ ಇಲ್ಲ, ಹೊರಟ ಜಾಗಕ್ಕೇ ವಾಪಸು ಬರಬಹುದು. ನಮ್ಮ ಗವಂತಿಯೂ ಪ್ರತಿ ಗೆರೆಯಲ್ಲಿ ಎರಡು ಸಲ ನಡೆದು ಶುರುವಾದಲ್ಲೇ ಮುಗಿಯುತ್ತದೆ. ಅದಕ್ಕೇ ಅದಕ್ಕೆ ಗಂಟು ಬೇಕಾಗುವುದಿಲ್ಲ. ಆಯ್ಲರ್ ಹೆಸರು ಕೇಳದ ಅಜ್ಜಿಯರಿಗೂ ಈ ದಾರಿ ಗೊತ್ತಿತ್ತು.

ಹೋಗಿ ಬರುವುದಕ್ಕೆ ಸಮಯದ ಬೆಲೆ ಇದೆ. 10 ಸೆಂ.ಮೀ. ಉದ್ದಗಲದ ಚೌಕವನ್ನು 2 ಮಿ.ಮೀ.ನ × ಗಳಿಂದ ತುಂಬಿದರೆ 2,500 × ಆಗುತ್ತವೆ. ಪ್ರತಿ × ಗೆ ನಾಲ್ಕು ಹೊಲಿಗೆ ಎಂದರೆ 10,000. ನಿಮಿಷಕ್ಕೆ 600 ಹೊಲಿಗೆ ಹಾಕುವ ಮಷಿನ್ ಎಲ್ಲೂ ನಿಲ್ಲದೆ ಓಡಿದರೂ ಸುಮಾರು 17 ನಿಮಿಷ, ಅದೂ ಒಂದೇ ಬಣ್ಣಕ್ಕೆ. ಕೈಗೆ ಹೋಲಿಸಿದರೆ ಇದು ಏನೂ ಅಲ್ಲ, ಒಪ್ಪುತ್ತೇನೆ. ಆದರೆ ಎರಡು ನಿಮಿಷವಲ್ಲ.

ಹಾಗಾದರೆ ಗುರುತಿಸುವುದು ಹೇಗೆ?

ಕಸೂತಿಯವರು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ತೇರಿರಲಿ, ಗೋಪುರವಿರಲಿ, ನೇಯ್ಗೆಯ ಎಳೆ ಎಣಿಸಿ ಹೊಲಿಯುತ್ತಾರೆ. ಮಷಿನ್ ಎಳೆ ಎಣಿಸುವುದಿಲ್ಲ, ಅದು ಎಣಿಸುವುದು ಮಿಲಿಮೀಟರ್‌ಗಳನ್ನು. ಡಿಎಸ್‌ಟಿ ಎಂಬ ಸಾಮಾನ್ಯ ಫೈಲ್‌ನಲ್ಲಿ ಪ್ರತಿ ನಡಿಗೆಯೂ 0.1 ಮಿ.ಮೀ. ಲೆಕ್ಕದಲ್ಲಿ ಬರೆದಿರುತ್ತದೆ. ಹಾಗಾಗಿ ಫೋನ್ ಕ್ಯಾಮೆರಾ ಜೂಮ್ ಮಾಡಿ × ನ ಮೂಲೆಗಳನ್ನು ನೋಡಿ. ಕೈಕೆಲಸದಲ್ಲಿ ಮೂಲೆಗಳು ಎಳೆಗಳ ನಡುವಿನ ಸಂದಿಯಲ್ಲಿ ಬಿದ್ದಿರುತ್ತವೆ. ಮಷಿನ್ ಕೆಲಸದಲ್ಲಿ ಕೆಲವು ಸಂದಿಯಲ್ಲಿ, ಕೆಲವು ಎಳೆಯನ್ನೇ ಸೀಳಿಕೊಂಡು ಇರುತ್ತವೆ, ಬಟ್ಟೆ ಚೂರು ಓರೆಯಾಗಿ ಫ್ರೇಮಿಗೆ ಕೂತಿದ್ದರಂತೂ ಇದು ಎದ್ದು ಕಾಣುತ್ತದೆ. ಹಿಂಬದಿಯಲ್ಲಿ ಬೇರೆಯೇ ಆದ ತೆಳು ಬಾಬಿನ್ ದಾರ, ಬಟ್ಟೆ ಸುಕ್ಕಾಗದಿರಲು ಇಟ್ಟ ಕಾಗದದಂಥ ಪದರದ ಚೂರು ಸಿಕ್ಕರೆ ಅನುಮಾನವೇ ಬೇಡ. ತುಂಬ ಅಚ್ಚುಕಟ್ಟಾಗಿದೆ ಎಂಬ ಒಂದೇ ಕಾರಣಕ್ಕೆ ಮಾತ್ರ ಮಷಿನ್ ಎನ್ನಬೇಡಿ. ಎಳೆ ಎಣಿಸಿ ಹೊಲಿದದ್ದು ಅಚ್ಚುಕಟ್ಟಾಗಿಯೇ ಇರುತ್ತದೆ.

ಮಷಿನ್ ಎಂಬ್ರಾಯ್ಡರಿ ಕೀಳು ಎಂದು ನಾನು ಹೇಳುತ್ತಿಲ್ಲ, ನನ್ನ ಎರಡು ಕುರ್ತಾಗಳ ಮೇಲೆ ಇರುವುದು ಅದೇ. ಅದನ್ನು ಕೈಕಸೂತಿ ಎಂದು ಹೇಳಿ, ಕೈಕಸೂತಿಯ ದರಕ್ಕೆ ಮಾರುವುದಷ್ಟೇ ತಪ್ಪು.

ಅತ್ತೆ ಸೆರಗಿನ ಎರಡೂ ಬದಿಯ ಫೋಟೋ ಕಳಿಸಿದರು. ಹಿಂದೆ ನೆಟ್ಟಗಿನ ಗೆರೆಗಳ ಸಾಲು, ಮುಂದೆ ಮೆಂತಿ, ಪ್ರತಿ ಮೂಲೆಯೂ ಎಳೆಗಳ ಸಂದಿಯಲ್ಲಿ. ಮೂರನೇ ಆನೆಯ ಅಂಬಾರಿಯಲ್ಲಿ ಒಂದೇ ಒಂದು × ನ ಮೇಲಿನ ಕಾಲು ತಿರುಗುಮುರುಗಾಗಿತ್ತು. ಆ ದಿನ ಸಂಜೆಯೇ ಬಾಕಿ ಹಣ ಫೋನ್ ಪೇ ಆಯಿತು.