ಕ್ವಾರಂಟೈನ್ ಬೇರೆ, ಮುಚ್ಚಿದ ಬಾಗಿಲು ಬೇರೆ

ರನ್‌ಕಾರ್ನ್ (ಬ್ರಿಸ್ಬೇನ್): ಕೋವಿಡ್ ಕಾಲದ ಕ್ವಾರಂಟೈನ್ ಆಸ್ಟ್ರೇಲಿಯಾವನ್ನು ಕಾಪಾಡಿತೇ? ವಿದೇಶದಲ್ಲಿ ನೆಲೆಸಲು ಹೊರಟವರೂ ಅವರನ್ನು ಕಳುಹಿಸುವ ಹೆತ್ತವರೂ ಇಂದಿಗೂ ಪರಿಶೀಲಿಸಬೇಕಾದ ಪ್ರಶ್ನೆಯಿದು.

2020ರ ಮಾರ್ಚ್ 20ರಂದು ಆಸ್ಟ್ರೇಲಿಯಾ ತನ್ನ ನಾಗರಿಕರೂ ಕಾಯಂ ನಿವಾಸಿಗಳೂ ಅಲ್ಲದವರಿಗೆ ಗಡಿ ಮುಚ್ಚಿತು. ಅದೇ ತಿಂಗಳ ಕೊನೆಯಲ್ಲಿ, ಮರಳಿ ಬಂದವರಿಗೆಲ್ಲ 14 ದಿನಗಳ ಹೋಟೆಲ್ ವಾಸ ಕಡ್ಡಾಯವಾಯಿತು. ಸುಮಾರು ಎರಡೂವರೆ ಕೋಟಿ ಜನರ ಈ ದೇಶದಲ್ಲಿ 2021ರ ಅಂತ್ಯದವರೆಗೆ ಕೋವಿಡ್‌ನಿಂದ ಮೃತರಾದವರು ಸುಮಾರು 2,200 ಮಂದಿ. ಅಷ್ಟರಲ್ಲಿ ಬಹುತೇಕ ವಯಸ್ಕರಿಗೆ ಎರಡು ಡೋಸ್ ಲಸಿಕೆ ದೊರೆತಿತ್ತು. ಕ್ವಾರಂಟೈನ್ ರೋಗವನ್ನು ಅಳಿಸಲಿಲ್ಲ. ಲಸಿಕೆ ಬರುವವರೆಗಿನ ಕಾಲಾವಕಾಶವನ್ನು ಗಳಿಸಿಕೊಟ್ಟಿತು.

ಆದರೆ ಹೋಟೆಲುಗಳು ರೋಗಿಗಳಿಗಾಗಿ ಕಟ್ಟಿದವಲ್ಲ. ಮುಚ್ಚಿದ ಕಾರಿಡಾರಿನ ಗಾಳಿಯಲ್ಲಿ ವೈರಾಣು ಕೋಣೆಯಿಂದ ಕೋಣೆಗೆ ಹರಡಬಲ್ಲದು. 2020ರ ನವೆಂಬರಿನಲ್ಲಿ ಅಡಿಲೇಡ್, 2021ರ ಜನವರಿಯಲ್ಲಿ ಬ್ರಿಸ್ಬೇನ್ ಹಾಗೂ ಪರ್ತ್ ನಗರಗಳು ಲಾಕ್‌ಡೌನ್‌ಗೆ ಒಳಗಾದದ್ದು ಇಂತಹ ಹೋಟೆಲುಗಳಿಂದ ಸೋಂಕು ಸೋರಿದ್ದರಿಂದಲೇ. ಡಾರ್ವಿನ್ ಬಳಿಯ ಹೊವಾರ್ಡ್ ಸ್ಪ್ರಿಂಗ್ಸ್‌ನಲ್ಲಿ ಪ್ರತ್ಯೇಕ ಕೊಠಡಿಗಳು ತೆರೆದ ಜಗಲಿಗೆ ಮುಖ ಮಾಡಿದ್ದವು; ಸೋರಿಕೆ ತಡೆಯುವಲ್ಲಿ ಆ ಕೇಂದ್ರ ಹೆಚ್ಚು ಯಶಸ್ವಿಯಾಯಿತು.

ಅಂತಹ ಸ್ಥಳಗಳ ಕೊರತೆಯ ಬೆಲೆಯನ್ನು ತೆತ್ತವರಲ್ಲಿ ನಮ್ಮವರೂ ಇದ್ದರು. ಭಾರತದಲ್ಲಿ ಎರಡನೆಯ ಅಲೆ ಏರಿದಾಗ, ಕ್ವಾರಂಟೈನ್ ಕೇಂದ್ರಗಳ ಮೇಲಿನ ಒತ್ತಡವನ್ನು ಮುಂದಿಟ್ಟು, 2021ರ ಏಪ್ರಿಲ್ ಅಂತ್ಯದಲ್ಲಿ ಅಲ್ಲಿಂದ ಬರುವ ವಿಮಾನಗಳನ್ನು ಸರ್ಕಾರ ತಡೆಯಿತು. ಮೇ 3ರಿಂದ, ಹಿಂದಿನ 14 ದಿನಗಳಲ್ಲಿ ಭಾರತದಲ್ಲಿದ್ದವರು ಒಳಬಂದರೆ, ಸ್ವಂತ ನಾಗರಿಕರಿಗೂ ಐದು ವರ್ಷದವರೆಗೆ ಜೈಲು ಅಥವಾ 66,600 ಡಾಲರ್‌ವರೆಗೆ ದಂಡ ಎಂಬ ಆದೇಶ ಜಾರಿಯಾಯಿತು. ಮೇ 15ರವರೆಗೆ ಅದು ಉಳಿಯಿತು. ಆಗ ಮರಳಲು ಬಯಸಿ ಹೆಸರು ನೋಂದಾಯಿಸಿದ್ದವರು ಸುಮಾರು 9,000 ಮಂದಿ.

ಇನ್ನೊಂದು ನಿಯಮ ಮೌನವಾಗಿಯೇ ನೋಯಿಸಿತು. ಪ್ರಯಾಣ ವಿನಾಯಿತಿಗೆ ಗಂಡ, ಹೆಂಡತಿ, ಅವಲಂಬಿತ ಮಕ್ಕಳು ಸಮೀಪದ ಕುಟುಂಬವೆನಿಸಿದರು. ವಯಸ್ಕರ ತಂದೆ ತಾಯಿ ಆ ಪಟ್ಟಿಗೆ ಸೇರಿದ್ದು 2021ರ ನವೆಂಬರಿನಲ್ಲಿ. ಬಾಣಂತನಕ್ಕೆ ತಾಯಿ ಬರುವುದು ಸಹಜವೆಂದು ತಿಳಿದ ನಮಗೆ ಈ ವ್ಯಾಖ್ಯೆ ಅನ್ಯವಾಗಿತ್ತು.

ಟೂವೂಂಬಾ ಬಳಿ ಕಟ್ಟಿದ ವೆಲ್‌ಕ್ಯಾಂಪ್ ಕೇಂದ್ರ 2022ರ ಫೆಬ್ರವರಿಯಲ್ಲಿ ಆರಂಭವಾಯಿತು. ಅದೇ ತಿಂಗಳು ದೇಶದ ಗಡಿಯೂ ತೆರೆಯಿತು. ಆಗಸ್ಟಿನಲ್ಲಿ ಕೇಂದ್ರ ಮುಚ್ಚಿತು.

ಕ್ವಾರಂಟೈನ್ ಎಂದರೆ ಬಂದವರನ್ನು ಸುರಕ್ಷಿತವಾಗಿ ಒಳಗೊಳ್ಳುವ ವ್ಯವಸ್ಥೆ. ಅದನ್ನು ಸಕಾಲದಲ್ಲಿ ಕಟ್ಟದ ದೇಶ ಕೊನೆಗೆ ಬಾಗಿಲು ಮುಚ್ಚುತ್ತದೆ. ಇಲ್ಲಿಗೆ ಬರಲು ಸಿದ್ಧರಾಗುತ್ತಿರುವವರು ಸಂಬಳ, ವೀಸಾಗಳೊಡನೆ ಇದನ್ನೂ ಯೋಚಿಸಲಿ: ಬಾಗಿಲು ಮತ್ತೆ ಮುಚ್ಚಿದರೆ ಊರಿನಲ್ಲಿ ಹೆತ್ತವರ ಪಕ್ಕದಲ್ಲಿ ಯಾರಿರುತ್ತಾರೆ?